ಹುಣಸೆ ಬೀಜದ ಪ್ರಾರ್ಥನೆ

ನಮ್ಮೂರಲ್ಲಿ ಯಾರೂ ಕಿವಿಗೊಡದ ಮಾತು ಹುಣಸೆ ಬೀಜವಾಗಿ ನೆಲಕ್ಕೆ ಬೀಳುತ್ತದೆ. ಒಬ್ಬರಾದರೂ ಕೇಳಿಸಿಕೊಂಡರೆ ಸರಿ, ಮಾತು ಗಾಳಿಯಲ್ಲಿ ಕರಗಿ ತನ್ನ ದಾರಿ ಹಿಡಿಯುತ್ತದೆ. ಕೇಳಿಸಿಕೊಂಡಂತೆ ನಟಿಸಿದರೆ ನಡೆಯುವುದಿಲ್ಲ. ತಲೆಯಾಡಿಸುತ್ತ, ಹ್ಞೂಂಗುಡುತ್ತ, ಮನಸ್ಸನ್ನು ಒಲೆಯ ಮೇಲಿನ ಹಾಲಿನ ಕಡೆ ಬಿಟ್ಟಿರೋ, ಆಡಿದವರ ಕಾಲ ಬಳಿ ಟಪ್ ಅಂತ ಒಂದು ಬೀಜ. ಕಂದು ಬಣ್ಣ, ನುಣುಪು, ಹೊಳಪು. ಮರದಿಂದ ಉದುರಿದ ಬೀಜಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ, ನೆಟ್ಟರೆ ಮಾತ್ರ ಮೊಳೆಯುವುದಿಲ್ಲ. ಪರವೂರಿನವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮಗೇನು, ಹುಟ್ಟಿದಾಗಿನಿಂದ ಗುಡಿಸುತ್ತ ಬಂದದ್ದೇ.

ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹುಡುಗಿಯ ಮುಖ ನೋಡುವುದಕ್ಕಿಂತ ಮೊದಲು ಅಜ್ಜಿ ಕೂತ ಮೂಲೆಯ ಕಡೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಬೀಜ ಕಂಡರೆ ಕೊಟ್ಟ ಉಪ್ಪಿಟ್ಟು ತಿಂದು, ಪತ್ರ ಬರೆಯುತ್ತೇವೆ ಅಂತ ಎದ್ದುಬಿಡುತ್ತಾರೆ. ಚುನಾವಣೆಗೆ ನಿಂತವರು ಭಾಷಣಕ್ಕೆ ಮೊದಲು ವೇದಿಕೆಯ ಮೇಲೆ ದಪ್ಪ ಜಮಖಾನೆ ಹಾಸಿಸುತ್ತಾರೆ, ಸದ್ದು ಕೇಳಬಾರದಲ್ಲ. ಶಾಲೆಯಲ್ಲಿ ಇತಿಹಾಸದ ಪಾಠ ಮುಗಿದ ಮೇಲೆ ಬೀಜ ಆರಿಸಿಕೊಂಡು ಮಕ್ಕಳು ಲೆಕ್ಕ ಕಲಿಯುತ್ತವೆ. ನಮ್ಮ ಸಭೆಯ ಪಾದ್ರಿ ಯೋನಾಥಾನಯ್ಯನವರು ಬಂದ ಹೊಸದರಲ್ಲಿ ತಾಸುಗಟ್ಟಲೆ ಪ್ರಸಂಗ ಮಾಡುತ್ತಿದ್ದರು. ಒಂದು ಭಾನುವಾರ ಪ್ರಸಂಗ ಮುಗಿಸಿ ಇಳಿಯುವಾಗ ತಮ್ಮದೇ ಬೀಜದ ಮೇಲೆ ಕಾಲಿಟ್ಟು, ಜಾರಿ, ಹಾರ್ಮೋನಿಯಂ ಮೇಲೆ ಬಿದ್ದರು. ಮುಂದಿನ ವಾರದಿಂದ ಪ್ರಸಂಗ ಕಾಲು ತಾಸಿಗೆ ಇಳಿಯಿತು. ಜಾರಿಸಿದವನು ದೇವರೇ ಅಂತ ಅವರೇ ನಗುತ್ತ ಹೇಳುತ್ತಾರೆ, ಒಳ್ಳೆ ಮನುಷ್ಯ.

ಆದರೆ ಒಂದು ಸಂಗತಿ. ಒಳಕೋಣೆಯಲ್ಲಿ ಕದ ಹಾಕಿಕೊಂಡು ಒಬ್ಬರೇ ಮಾಡಿದ ಪ್ರಾರ್ಥನೆಯಿಂದ ನಮ್ಮೂರಲ್ಲಿ ಈವರೆಗೆ ಒಂದು ಬೀಜವೂ ಬಿದ್ದಿಲ್ಲ. ಅಳುತ್ತ ಮಾಡಿದ್ದಿರಲಿ, ತೊದಲಿದ್ದಿರಲಿ, ನೆಲ ಮಾತ್ರ ಸ್ವಚ್ಛ. ಹಾಗಾಗಿ ದೇವರು ಇದ್ದಾನೋ ಇಲ್ಲವೋ ಎಂಬ ವಾದ ನಮ್ಮಲ್ಲಿ ನಡೆಯುವುದಿಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದು ಕಸಬರಿಗೆಗೂ ಗೊತ್ತು.

ಈಗ ನಮ್ಮಕ್ಕನ ವಿಷಯ. ಅವಳ ಹೆಸರು ಸುವಾರ್ತಮ್ಮ. ನಾನು ಸಾಲೋಮಿ, ಅವಳ ತಂಗಿ, ಅವಳ ಬೇಕರಿಯ ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವಳು. ಅಕ್ಕ ನಮ್ಮ ಸಭೆಯ ಸ್ತ್ರೀಯರ ಸಂಘದ ಅಧ್ಯಕ್ಷೆ. ಪ್ರಾರ್ಥನೆ ಅಂದರೆ ಸುವಾರ್ತಮ್ಮ, ಸುವಾರ್ತಮ್ಮ ಅಂದರೆ ಪ್ರಾರ್ಥನೆ. ಹುಟ್ಟು, ಸಾವು, ಮದುವೆ, ಬಾಡಿಗೆ ಮನೆ ಹೊಗುವುದು, ಯಾರ ಮನೆಯಲ್ಲಿ ಕೂಟವಿದ್ದರೂ ಕೊನೆಯ ಪ್ರಾರ್ಥನೆ ಅವಳದೇ. ಶುರುವಾದರೆ ಲೋಕದ ಅರಸರಿಂದ ಹಿಡಿದು ಆ ಮನೆಯ ಬೆಕ್ಕಿನ ತನಕ ಎಲ್ಲರಿಗೂ ಬೇಡಿಕೊಂಡೇ ಆಮೆನ್. ನಡುನಡುವೆ ಬುದ್ಧಿವಾದವೂ ಇರುತ್ತಿತ್ತು. "ಕರ್ತನೇ, ಈ ಮನೆಯ ಸೊಸೆ ಸೂರ್ಯ ನೆತ್ತಿಗೆ ಬಂದ ಮೇಲೆ ಏಳುವುದನ್ನು ನೀನು ಬಲ್ಲೆ" ಅಂತ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುವಳು. ದೇವರಿಗೆ ಗೊತ್ತಿತ್ತೋ ಏನೋ, ಅತ್ತೆಗೆ ಮಾತ್ರ ಆಗ ಗೊತ್ತಾಗುತ್ತಿತ್ತು.

ಇಷ್ಟು ಮಾತಾಡಿಯೂ ಅವಳ ಕಾಲ ಬಳಿ ಯಾರೂ ಎಂದೂ ಒಂದು ಬೀಜ ಕಂಡಿರಲಿಲ್ಲ. ಆಮೆನ್ ಅಂದು ಕಣ್ಣು ತೆರೆದರೆ ನೆಲ ಬೋಳು. ಅದೇ ಅವಳ ಹೆಮ್ಮೆ. "ಪಾದ್ರಿಗಳದ್ದೂ ಬೀಳ್ತಾವ, ಬಿಷಪ್ಪರದ್ದೂ ಬೀಳ್ತಾವ. ನಂದ ಒಂದರ ಬಿದ್ದೈತೇನು, ಹೇಳು ನೋಡೋಣು!" ಅನ್ನುವಳು. ನಾನು ಹ್ಞೂಂ ಅನ್ನುತ್ತಿದ್ದೆ. ನನಗೋ ಕಣ್ಣು ಮುಚ್ಚಿದರೆ ನಿದ್ದೆ, ಆಮೆನ್ ಎಂಬುದೇ ನನಗೆ ಕೋಳಿ ಕೂಗಿದ ಹಾಗೆ.

ಬೀಜ ಉದುರುತ್ತಿದ್ದದ್ದು ನಮ್ಮ ಭಾವನವರದು. ಅವರ ಹೆಸರು ಸಮಾಧಾನಪ್ಪ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಬೇಕರಿಯ ಒಳಗಡೆ ಭಟ್ಟಿ ಖೋಲಿಯಲ್ಲಿ ಹಿಟ್ಟು ನಾದುವುದು, ಪಾವು ಬೇಯಿಸುವುದು ಅವರ ಕೆಲಸ, ಹೊರಗೆ ಗಲ್ಲೆಯ ಮೇಲೆ ಕೂತು ದುಡ್ಡು ಇಸಿದುಕೊಳ್ಳುತ್ತ ಗಿರಾಕಿಗಳ ಜೊತೆ ಮಾತಾಡುವುದು ಅಕ್ಕನ ಕೆಲಸ. ಮದುವೆಯಾದ ಹೊಸದರಲ್ಲಿ ಭಾವ ಊಟಕ್ಕೆ ಕೂತಾಗ ಏನಾದರೂ ಹೇಳಲು ಬಾಯಿ ತೆರೆಯುತ್ತಿದ್ದರು. ಅಕ್ಕ ಆಗಲೇ ಇನ್ನೇನೋ ಹೇಳುತ್ತಿರುತ್ತಿದ್ದಳು. ತಟ್ಟೆಯ ಪಕ್ಕ ಟಪ್. ಅವಳು ಅದನ್ನು ಗುಡಿಸುತ್ತ, "ನೋಡ್ರಿ, ನಿಮ್ಮ ಮಾತಿಗೆ ತೂಕಿಲ್ಲ, ನೆಲಕ್ಕ ಬೀಳ್ತಾವ" ಅನ್ನುವಳು. ತೂಕವಿಲ್ಲದ್ದು ನೆಲಕ್ಕೆ ಹೇಗೆ ಬೀಳುತ್ತದೆ ಅಂತ ಭಾವ ಕೇಳಬಹುದಿತ್ತು. ಕೇಳಿದ್ದರೆ ಅದೂ ಬೀಳುತ್ತಿತ್ತು. ಬರಬರುತ್ತ ಅವರು ಮಾತು ಬಿಟ್ಟೇಬಿಟ್ಟರು. ಕೂಟಗಳಿಗೆ ಮಾತ್ರ ತಪ್ಪದೆ ಬರುತ್ತಿದ್ದರು. ಹೆಗಲ ಮೇಲೆ ಮೈದಾ ಹಿಟ್ಟಿನ ಖಾಲಿ ಚೀಲ, ಕಂಕುಳಲ್ಲಿ ಒಂದು ಗೋಣಿತಟ್ಟು. ಅಕ್ಕನಿಗೆ ನೆಲ ತಂಪಾಗುತ್ತದೆ ಅಂತ ಗೋಣಿತಟ್ಟನ್ನು ಅವಳ ಕಾಲ ಕೆಳಗೆ ಹಾಸಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ಎಂಥ ಗಂಡ ಅಂತ ಸಭೆಯ ಹೆಂಗಸರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಗಲ್ಲೆ ಬಿಟ್ಟು ನನ್ನ ಮನೆಗೆ ನುಗ್ಗಿದಳು. ಮುಖ ಕೆಂಪೇರಿತ್ತು.

"ಸಾಲೋಮಿ, ನಿಮ್ಮ ಭಾವಗ ಯಾರೋ ಕಿವಿ ಕೊಡಾಕತ್ತಾರ!"

ನನ್ನ ಕೈಯಲ್ಲಿದ್ದ ರವಿಕೆ ಜಾರಿತು. ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ಪರಗಂಡಸಿನ ಕೈ ಹಿಡಿದವಳನ್ನಾದರೂ ಕ್ಷಮಿಸಿಯಾರು, ಕಿವಿ ಕೊಟ್ಟವಳನ್ನು ಕ್ಷಮಿಸುವುದಿಲ್ಲ.

"ಯಾರು ಬೇ?" ಅಂದೆ.

"ಅದ ಗೊತ್ತಿಲ್ಲ. ದಿನಾ ಮಧ್ಯಾಹ್ನ ಭಟ್ಟಿ ಖೋಲ್ಯಾಗ ಮಾತಾಡ್ತಾರ. ಗುಜುಗುಜು ಅಂತ ಒಂದ ಸವನ ಕೇಳತೈತಿ. ನಾ ಬಾಗಲಾ ತಗದ್ರ ಗಪ್ಪ. ನೆಲಾ ನೋಡಿದೆ ಸಾಲೋಮಿ, ಒಂದ ಬೀಜ ಇಲ್ಲ! ನನ್ನ ಮುಂದ ಬಾಯಿ ತಗದ್ರ ಬೀಜಾ ಉದುರಸೂ ಮನಷ್ಯಾರು!"

"ಲೀದಿಯವ್ವ ತತ್ತಿ ಕೊಡಾಕ ಹಿತ್ತಲ ಬಾಗಲಿಂದ ಬರ್ತಾಳಲ್ಲ," ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳುತ್ತಾರೆಯೇ.

ಲೀದಿಯಮ್ಮ ಮೊಟ್ಟೆ ಮಾರುವವಳು. ಮಾತಾಡುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅವಳ ಎದುರು ನಿಂತರೆ ಸಾಕು, ಜನ ತಮ್ಮ ಮೂಲವ್ಯಾಧಿಯ ಸುದ್ದಿಯನ್ನೂ ಹೇಳಿಬಿಡುತ್ತಾರೆ. ಅಕ್ಕ ಅದನ್ನು ಕೇಳಿದ್ದೇ ನೆಲದ ಮೇಲೆ ಕುಸಿದು ಕೂತಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಅತ್ತಳು. ಅಕ್ಕ ಅತ್ತದ್ದನ್ನು ನಾನು ನಮ್ಮವ್ವ ತೀರಿಕೊಂಡಾಗ ನೋಡಿದ್ದೇ ಕಡೆ.

"ನಾ ಹಿಂಗ ಮಾತಾಡಕೋತ ಇರ್ತೀನಿ, ಅವರು ಎದ್ದ ಹೊಂಟಹೋದ್ರ ನನಗ ಗೊತ್ತೂ ಆಗೂದಿಲ್ಲ," ಅಂದಳು. ಆ ಮಾತು ನನ್ನ ಎದೆಗೆ ನಾಟಿತು. ಅಷ್ಟು ದೊಡ್ಡ ಬಾಯಿಯ ಹಿಂದೆ ಇಷ್ಟು ಭಯ ಇತ್ತೆಂದು ನನಗೆ ತಿಳಿದಿರಲಿಲ್ಲ.

ಮರುದಿನ ಅಡಗಿ ಕೂತು ನೋಡುವುದೆಂದು ತೀರ್ಮಾನವಾಯಿತು. ಅಂಗಡಿ ಬಾಗಿಲಿಗೆ ಬೀಗ ಹಾಕಿ, ತಾನು ಸಂಘದ ಸಭೆಗೆ ಹೋಗಿಬರುತ್ತೇನೆ ಅಂತ ಅಕ್ಕ ಭಾವನಿಗೆ ಕೂಗಿ ಹೇಳಿದಳು. ಭಾವ ಬಾವಿಗೆ ನೀರಿಗೆ ಹೋದಾಗ ನಾವಿಬ್ಬರೂ ಭಟ್ಟಿ ಖೋಲಿಗೆ ನುಸುಳಿ ಮೈದಾ ಮೂಟೆಗಳ ಹಿಂದೆ ಕೂತೆವು. ಕೂತ ಮರುಕ್ಷಣವೇ ಅಕ್ಕ ಶುರುಮಾಡಿದಳು. "ಈ ಮೂಟೀ ಮ್ಯಾಲ ಧೂಳ ನೋಡ, ನಾ ಹೇಳಿದ್ದೆ, ನೀ..." ನಾನು ಕೈಗೆ ಸಿಕ್ಕ ಬನ್ನು ತೆಗೆದು ಅವಳ ಬಾಯಿಗೆ ತುರುಕಿದೆ. "ಮಾತ ಬಂದ್ರ ಇದನ್ನ ಕಚ್ಚು," ಅಂದೆ. ಅಕ್ಕನ ಬಾಯಿ ಮುಚ್ಚಿಸಿದ ಸುಖ ನನಗೆ ಈ ಜನ್ಮದಲ್ಲಿ ಸಿಕ್ಕಿದ್ದು ಅದೊಂದೇ ಸಲ.

ಭಾವ ಬಂದರು. ಕೊಡ ಇಳಿಸಿ, ಕೈ ತೊಳೆದು, ಹಿಟ್ಟು ನಾದಲು ಕೂತರು. ಖೋಲಿಯಲ್ಲಿ ಇನ್ನು ಯಾರೂ ಇರಲಿಲ್ಲ. ನಾದುತ್ತ ನಾದುತ್ತ, ಪಕ್ಕದಲ್ಲಿ ಕೂತವರಿಗೆ ಹೇಳುವ ಧಾಟಿಯಲ್ಲೇ ಶುರುಮಾಡಿದರು.

"ಯಪ್ಪಾ, ನಿನ್ನೆ ಎಲ್ಲಿಗೆ ಬಿಟ್ಟಿದ್ದೆ? ಹಾಂ, ಕಣ್ಣಿನ ಸುದ್ದಿ. ಇವತ್ತ ಎಡಗಣ್ಣೂ ಮಬ್ಬಾಗೇತಿ. ಪಾವು ಕೆಂಪಗಾತೋ ಕರ್ರಗಾತೋ ವಾಸನಿ ಮ್ಯಾಲ ಹೇಳಬೇಕಾಗೇತಿ."

ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಯಪ್ಪಾ ಅಂದರೆ ಯಾರೆಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಕಿವಿ ಕೊಡುತ್ತಿದ್ದದ್ದು ಲೀದಿಯಮ್ಮನೂ ಅಲ್ಲ, ಬೇರೆ ಯಾವ ಹೆಣ್ಣೂ ಅಲ್ಲ, ಮೇಲಿರುವ ದೇವರು. ಅಕ್ಕನ ಹೆಗಲು ಸಡಿಲಾಯಿತು. ಇನ್ನೇನು ಎದ್ದು ನಗಬೇಕು, ಅಷ್ಟರಲ್ಲಿ ಭಾವ ಮುಂದುವರಿಸಿದರು.

"ಅದಕ್ಕ ನಾ ಅಂಜೂದಿಲ್ಲ ಯಪ್ಪಾ. ಮೂಗು ಕೊಟ್ಟೀದಿ, ಕೈ ಕೊಟ್ಟೀದಿ, ಹೆಂಗೋ ನಡಸ್ತೀನಿ. ನನ್ನ ಚಿಂತಿ ಬ್ಯಾರೆ ಐತಿ. ಆಕೀ ಬೀಜಾ ಇನ್ನ ಯಾರು ಆರಸ್ತಾರ?"

ಎದ್ದು ಭಟ್ಟಿಯ ಪಕ್ಕದ ಮೂಲೆಗೆ ಹೋದರು. ಅಲ್ಲಿ ಬಾಯಿ ಕಟ್ಟಿದ ಚೀಲಗಳು ಒಂದರ ಮೇಲೊಂದು ಸೂರಿನ ತನಕ ಇದ್ದವು. ಒಂದರ ಬಾಯಿ ಬಿಚ್ಚಿ, ಮೊರದ ತುಂಬ ಹುಣಸೆ ಬೀಜ ತೆಗೆದು ಭಟ್ಟಿಗೆ ಸುರಿದರು. ಚಟಚಟ ಅಂತ ಉರಿ ಎದ್ದಿತು. ಅಂಥ ಉರಿಯನ್ನು ನಾನು ಸೌದೆಯಲ್ಲಿ ಕಂಡಿಲ್ಲ.

"ರೂತವ್ವನ ಮನ್ಯಾಗ ಆ ದಿನ ನೆಲಾ ತಡವಿ ತಡವಿ ಆರಿಸಿದೆ. ಇವ ಅವು. ಗಂಡನ್ನ ಮಣ್ಣ ಮಾಡಿ ಬಂದ ಹೆಂಗಸು, ಏನೋ ಹೇಳಾಕ ಮತ್ತ ಮತ್ತ ಬಾಯಿ ತಗದ್ಲು. ನಮ್ಮಾಕೀ ಕಣ್ಣು ಮುಚ್ಚಿ ಬೇಡಾಕತ್ತಿದ್ಲು, ಕಾಣಲಿಲ್ಲ. ಮಂದಿ ಚಾ ಯಾವಾಗ ಬರತೈತಿ ಅಂತ ಕೂತಿದ್ರು. ನಮ್ಮಾಕೀ ಬೀಜಾ ಮಳಿ ಸುರದಂಗ ಸುರದ್ವು ಯಪ್ಪಾ. ನೀನ ಕೇಳಿಸ್ಕೊಂಡಿದ್ರ ಬೀಳ್ತಿರಲಿಲ್ಲ. ನಿನಗಂತ ಹೇಳಿದ್ದ ಅಲ್ಲೇನೋ ಅದು."

ನನ್ನ ಪಕ್ಕದಲ್ಲಿ ಬನ್ನು ಕಚ್ಚುವ ಸದ್ದು ನಿಂತಿತು. ಅಕ್ಕನ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ. ಗೋಣಿತಟ್ಟು ಯಾತಕ್ಕೆ, ಖಾಲಿ ಚೀಲ ಯಾತಕ್ಕೆ, ಆಮೆನ್ ಅಂದಾಗ ನೆಲ ಯಾಕೆ ಬೋಳು, ಎಲ್ಲ ಒಮ್ಮೆಗೇ ತಿಳಿಯಿತು. ಇಷ್ಟು ವರ್ಷ ಊರಿಗೆ ಊರೇ ತಿಂದ ಪಾವು, ಬನ್ನು, ಖಾರಾ ಬಿಸ್ಕತ್ತು, ಕರ್ತನ ಭೋಜನದ ರೊಟ್ಟಿ ಕೂಡ, ಬೆಂದದ್ದು ನಮ್ಮಕ್ಕನ ಪ್ರಾರ್ಥನೆಯ ಉರಿಯಲ್ಲಿ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಗಾದೆ. ನಮ್ಮ ಮನೆಯಲ್ಲಿ ಮಾತೇ ಒಲೆ ಉರಿಸಿತ್ತು.

ಭಾವ ಮತ್ತೆ ಹಿಟ್ಟಿನ ಮುಂದೆ ಕೂತರು. "ತಪ್ಪು ನಂದೂ ಐತಿ. ಲಗ್ನಾದ ಹೊಸದಾಗಿ ನಾ ಕಿವಿಗೊಟ್ಟ ಕೇಳ್ತಿದ್ದೆ. ನಾ ಒಬ್ಬಾವ ಕೇಳಿದ್ರೂ ಸಾಕಾಗಿತ್ತು, ಒಂದೂ ಬೀಳ್ತಿರಲಿಲ್ಲ. ಒಂದ ದಿನಾ ಹಿಟ್ಟ ಉಬ್ಬೇತೋ ಇಲ್ಲೋ ಅಂತ ಮನಸ್ಸು ಅತ್ಲಾಗ ಹೋತು, ಒಂದ ಬಿತ್ತು. ಆಕೀ ನೋಡಿದ್ರ ನೊಂದಕೋತಾಳ ಅಂತ ಆರಿಸಾಕ ಬಗ್ಗಿದೆ, ಬಗ್ಗಿದಾಗ ಇನ್ನೊಂದ ಬಿತ್ತು. ಅವತ್ತಿಂದ ಆರಿಸೂದ ಕೆಲಸ ಆತು, ಕೇಳೂದು ಬಿಟ್ಟಹೋತು. ಒಂದ ಸಲಾ ಆಕೀಗೆ ಎಲ್ಲಾ ಹೇಳಬೇಕಂತ ಆಸೆ ಐತಿ ಯಪ್ಪಾ. ಕಣ್ಣಿನ ಸುದ್ದೀನೂ ಹೇಳಬೇಕು. ಹೆಂಗ ಹೇಳ್ಲಿ? ನನ್ನ ಮಾತು ಆಕೀ ಮುಂದ ನಿಲ್ಲೂದಿಲ್ಲ."

ಈಗ ನಮ್ಮಕ್ಕ ಎದ್ದು ನಿಂತಳು. ಮೈಗೆಲ್ಲ ಮೈದಾ, ಬಾಯಲ್ಲಿ ಬನ್ನು, ಗಲ್ಲದ ಮೇಲೆ ನೀರು. ಇವತ್ತು ಭಟ್ಟಿ ಒಡೆಯುತ್ತದೆ ಅಂದುಕೊಂಡು ನಾನು ಕಣ್ಣು ಮುಚ್ಚಿದೆ. ಮೂಟೆ ಸರಿದ ಸದ್ದಷ್ಟೇ ಬಂತು, ಕಣ್ಣು ತೆರೆದೆ. ಭಾವ ಸದ್ದಿನ ಕಡೆ ಮುಖ ತಿರುಗಿಸಿ ಕಣ್ಣು ಕಿರಿದು ಮಾಡಿದರು.

"ಯಾರು?"

ಅಕ್ಕ ಬನ್ನನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದಳು.

"ಲೀದಿಯವ್ವ ಏನು? ತತ್ತಿ ಆ ಬುಟ್ಟ್ಯಾಗ ಇಡವಾ."

ಮಾತಾಡದೆ ನಿಂತ ಹೆಂಗಸು ತನ್ನ ಹೆಂಡತಿ ಇರಬಹುದೆಂದು ಆ ಪುಣ್ಯಾತ್ಮರಿಗೆ ಕನಸಿನಲ್ಲೂ ಬರಲಿಲ್ಲ. ಅಕ್ಕ ಮೆಲ್ಲಗೆ ಬಂದು ಅವರ ಎದುರಿನ ಮಣೆಯ ಮೇಲೆ ಕೂತಳು. ಭಾವ ಹಿಟ್ಟನ್ನು ಮಗುಚಿ ನಾದಿದರು. ಆಮೇಲೆ ದನಿ ತಗ್ಗಿಸಿದರು.

"ಲೀದಿಯವ್ವಾ, ಒಂದ ಉಪಕಾರ ಮಾಡ್ತೀ? ಬರೂ ರವಿವಾರ ರೂತವ್ವನ ಮನ್ಯಾಗ ಮತ್ತ ಕೂಟ ಐತಿ. ನಮ್ಮಾಕೀ ಪ್ರಾರ್ಥನಿ ಮಾಡೂ ಮುಂದ ನೀ ನಮ್ಮ ಬಾಜೂಕ ಕೂಡ್ರು. ಕಣ್ಣ ಮುಚ್ಚಬ್ಯಾಡ. ನೆಲಕ್ಕ ಬಿದ್ದದ್ದನ್ನ ಗಪ್ಪನ ಆರಿಸಿ ಉಡ್ಯಾಗ ಹಾಕ್ಕೋ. ನನ್ನ ಕಣ್ಣಿಗೆ ಇನ್ನ ಕಾಣೂದಿಲ್ಲ. ಆಕೀಗೆ ಗೊತ್ತಾಗಬಾರದವಾ. ಒಳ್ಳೆ ಮನಸ್ಸಿನಾಕಿ, ಮಂದಿ ಕಷ್ಟಕ್ಕ ಮೊದಲ ಓಡೂದು ಆಕೀನ. ಮಾತ ಒಂದ ಹೆಚ್ಚು, ಅಷ್ಟ. ಬೀಜಾ ನೋಡಿದ್ಲಂದ್ರ ಎದಿ ಒಡಕೋತಾಳ."

ಅಕ್ಕ ತಲೆಯಾಡಿಸಿದಳು.

"ಏನಂದಿ? ಹ್ಞೂಂ ಅನ್ನವಾ, ಕಾಣೂದಿಲ್ಲ ನನಗ."

ಅಕ್ಕ ಬನ್ನನ್ನು ಕಷ್ಟಪಟ್ಟು ನುಂಗಿ, "ಹ್ಞೂಂ," ಅಂದಳು.

ಭಾವನಿಗೆ ದನಿಯ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವರ ಮಾತಿಗೆ ಅಕ್ಕ ಹ್ಞೂಂ ಅಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಅವರ ಮುಖ ಅರಳಿತು. ಹೊತ್ತುಕೊಂಡ ಮೂಟೆ ಇಳಿಸಿದವರ ಹಾಗೆ ಒಂದು ಉಸಿರು ಬಿಟ್ಟು ಇನ್ನಷ್ಟು ಮಾತಾಡಿದರು. ಚಿಕ್ಕವರಿದ್ದಾಗ ಅವರಪ್ಪ ಹಿಟ್ಟಿಗೆ ಕಿವಿಯಿಟ್ಟು ಹದ ನೋಡುತ್ತಿದ್ದದ್ದು, ಸುವಾರ್ತಮ್ಮನನ್ನು ಮೊದಲ ಸಲ ಕೀರ್ತನೆ ಹಾಡುವಾಗ ನೋಡಿದ್ದು, ಆಗ ಅವಳ ದನಿಗಾಗಿಯೇ ಈ ಹುಡುಗಿ ಬೇಕು ಅಂತ ಮನೆಯಲ್ಲಿ ಹಟ ಹಿಡಿದದ್ದು. ನನಗೇ ಇದು ಗೊತ್ತಿರಲಿಲ್ಲ. ಅಕ್ಕ ಮಣೆಯ ಮೇಲೆ ಕದಲದೆ ಕೂತಿದ್ದಳು. ನಡುವೆ ನಿಜವಾದ ಲೀದಿಯಮ್ಮ ಹಿತ್ತಲ ಬಾಗಿಲಲ್ಲಿ ಮೊಟ್ಟೆ ಬುಟ್ಟಿ ಹೊತ್ತು ನಿಂತಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಅಕ್ಕನ ತುಟಿಯ ಮೇಲೆ ಆ ಬೆರಳನ್ನು ಕಂಡು ಲೀದಿಯಮ್ಮನ ಕೈಯಿಂದ ಮೊಟ್ಟೆಯೊಂದು ಜಾರಿ ಒಡೆಯಿತು, ಆದರೂ ಅವಳು ಪಿಟ್ಟೆನ್ನದೆ ಬುಟ್ಟಿ ಇಳಿಸಿ ಹೋದಳು. ಭಾವ ಮಾತು ಮುಗಿಸಿದಾಗ ನಾನು ಮೂಟೆಯ ಮೇಲಿಂದ ಬಗ್ಗಿ ನೋಡಿದೆ. ನೆಲದ ಮೇಲೆ ಒಡೆದ ಮೊಟ್ಟೆ ಬಿಟ್ಟರೆ ಏನೂ ಬಿದ್ದಿರಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ನನಗೆ ಏನಾದರೂ ಹೇಳುತ್ತಾಳೆ ಅಂತ ಕಾದೆ. ನನ್ನ ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು, "ರೂತವ್ವ ಏನ ಹೇಳಾಕ ಬಂದಿದ್ಲೋ," ಅಂತ ಒಂದೇ ಮಾತು ಅಂದು ಎದ್ದುಹೋದಳು. ಆ ವಾರವೆಲ್ಲ ಅವಳು ಗಲ್ಲೆಯ ಮೇಲೆ ನನ್ನನ್ನು ಕೂರಿಸಿ, ಅಂಗಡಿಯಲ್ಲಿ ಗಾಳಿಯಿಲ್ಲ ಎಂಬ ನೆವ ಹೇಳಿ ಭಟ್ಟಿ ಖೋಲಿಯಲ್ಲಿ ನಿಂತಳು. ಗಾಳಿ ಹುಡುಕಿಕೊಂಡು ಭಟ್ಟಿಯ ಹತ್ತಿರ ಹೋದವಳು ಲೋಕದಲ್ಲಿ ಅವಳೊಬ್ಬಳೇ. ಪಾವು ಕೆಂಪಗಾದ ಕೂಡಲೇ ಹೊರಗೆ ಎಳೆಯುವುದು, ಉರಿ ನೋಡುವುದು, ಎಲ್ಲ ಅವಳೇ. ಭಾವ ಒಮ್ಮೆ, "ಉಪ್ಪು ಕಡಿಮಿ ಐತಿ ಅನಸತೈತಿ," ಅಂದು ಅಭ್ಯಾಸಬಲದಿಂದ ಕಾಲ ಬಳಿ ಬೀಜಕ್ಕೆ ತಡಕಾಡಿದರಂತೆ. ಅಕ್ಕ ಉಪ್ಪಿನ ಡಬ್ಬಿಯನ್ನು ಅವರ ಕೈಗೆ ಕೊಟ್ಟಳಂತೆ. ಗಿರಾಕಿಗಳು ಒಳಗಿನ ನಿಶ್ಶಬ್ದ ಕೇಳಿ ಗಾಬರಿಯಾಗಿ, "ಅಕ್ಕಾರಿಗೆ ಆರಾಮಿಲ್ಲೇನ್ರಿ?" ಅಂತ ನನ್ನನ್ನು ಕೇಳಿದ್ದೇ ಕೇಳಿದ್ದು. ಗಂಟಲು ನೋವು ಅಂತ ಹೇಳಿ ಕಳಿಸಿದೆ. ಯಾರೋ ಜೇನುತುಪ್ಪ ತಂದುಕೊಟ್ಟರು, ನಾನು ತಿಂದೆ.

ಭಾನುವಾರ ಸಂಜೆ ರೂತಮ್ಮನ ಮನೆಯಲ್ಲಿ ಕೂಟ. ರೂತಮ್ಮ ಗೋಡೆಗೊರಗಿ ಕೂತಿದ್ದಳು, ಬರಿಗೈ, ಒಣಗಿದ ಕಣ್ಣು. ಗಂಡ ಬಸವಳಿದು ಮಲಗಿದವನು ಏಳಲೇ ಇಲ್ಲ ಎಂಬುದಷ್ಟೇ ಊರಿಗೆ ಗೊತ್ತಿದ್ದದ್ದು. ಲೀದಿಯಮ್ಮ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತಿದ್ದಳು. ಭಾವ ಗೋಣಿತಟ್ಟು ಹಾಸಿ, ಅಕ್ಕನ ಪಕ್ಕ ಕೂತು, ಚೀಲ ಬಿಚ್ಚಿ ಸಿದ್ಧರಾದರು. ಕೀರ್ತನೆ ಆಯಿತು, ವಾಕ್ಯ ಓದಿದ್ದಾಯಿತು, ಪಾದ್ರಿಗಳ ಕಾಲು ತಾಸೂ ಆಯಿತು. "ಈಗ ಸುವಾರ್ತಮ್ಮನವರು ಪ್ರಾರ್ಥನೆ ನಡೆಸುತ್ತಾರೆ," ಅಂದರು ಪಾದ್ರಿಗಳು. ಎಲ್ಲರೂ ದೀರ್ಘ ಪ್ರಯಾಣಕ್ಕೆ ಹೊರಟವರಂತೆ ಕಾಲು ಮಡಿಚಿ ಬದಲಿಸಿ ಕೂತರು. ಒಬ್ಬಾಕೆ ಮಗುವನ್ನು ತೊಡೆಗೆ ಹಾಕಿಕೊಂಡು ತಟ್ಟತೊಡಗಿದಳು. ನಾನು ಮಾತ್ರ ಆ ದಿನ ಕಣ್ಣು ಮುಚ್ಚಲಿಲ್ಲ.

ಅಕ್ಕ ತಲೆ ಬಾಗಿಸಿದಳು. "ಯಪ್ಪಾ, ಇಷ್ಟ ದಿನಾ ನಾನ ಮಾತಾಡಿದೆ. ಇವತ್ತ ನೀ ಹೇಳು, ನಾ ಕೇಳ್ತೀನಿ. ಆಮೆನ್."

ಯಾರೂ ಕಣ್ಣು ತೆರೆಯಲಿಲ್ಲ. ಉಸಿರೆಳೆದುಕೊಳ್ಳುತ್ತಿದ್ದಾಳೆ, ಈಗ ಲೋಕದ ಅರಸರು ಬರುತ್ತಾರೆ ಅಂತ ಕಾದರು. ಮನೆ ಎಷ್ಟು ಸುಮ್ಮನಾಯಿತೆಂದರೆ ಒಳಗೆ ಚಹಾ ಕುದಿಯುವ ಸದ್ದು ಕೇಳತೊಡಗಿತು. ಮೊದಲು ಪಾದ್ರಿಗಳು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ಅಕ್ಕ ಮೊಣಕಾಲ ಮೇಲೆ ಸರಿದು ರೂತಮ್ಮನ ಎದುರಿಗೆ ಹೋಗಿದ್ದಳು.

"ರೂತವ್ವಾ, ಹ್ವಾದ ಸಲ ನೀ ಏನೋ ಹೇಳಾಕ ಬಂದಿದ್ದಿ. ನಾ ಬಿಡಲಿಲ್ಲ. ಈಗ ಹೇಳವಾ."

ರೂತಮ್ಮ ಅವಳ ಮುಖವನ್ನೇ ನೋಡಿದಳು. "ಆ ದಿನಾ ಮುಂಜಾನೆ ಇನ್ನೊಂದ ಕಪ್ಪು ಚಾ ಕೇಳಿದ್ರು," ಅಂದಳು. "ಹಾಲಿಲ್ಲ ಅಂದೆ ಅಕ್ಕಾ. ಹಾಲಿತ್ತು. ಮಧ್ಯಾಹ್ನಕ್ಕ ಬೇಕಂತ ಇಟ್ಟಿದ್ದೆ. ಆತ ಬಿಡು ಅಂತ ಹೋಗಿ ಮಲಗಿದ್ರು." ಆಮೇಲೆ ಕಟ್ಟೆಯೊಡೆದಂತೆ ಬಂತು. ಆ ಹಾಲನ್ನು ಏನು ಮಾಡಬೇಕೆಂದು ತಿಳಿಯದೆ ಕೆಡುವ ತನಕ ಇಟ್ಟುಕೊಂಡದ್ದು, ಮದುವೆಯಾದಾಗ ಅವನು ಕೊಡಿಸಿದ ಸ್ಟೀಲಿನ ಕಪ್ಪು, ಅವನ ಗೊರಕೆ, ಅವನ ಸಿಟ್ಟು, ಅವನು ತಾನೇ ಕಟ್ಟಿ ಮಕ್ಕಳಿಗೆ ಕಲಿಸಿದ ಹುಚ್ಚು ಹಾಡುಗಳು. ಅವಳು ಅತ್ತಳು, ನಡುವೆ ಒಮ್ಮೆ ನಕ್ಕಳು ಕೂಡ. ಹಾಲಿನ ಮಾತು ಬಂದಾಗ ಅಕ್ಕನ ತುಟಿ ಸಮಾಧಾನ ಹೇಳಲು ತೆರೆದದ್ದನ್ನು ನಾನು ಕಂಡೆ. ಬನ್ನು ಇರಲಿಲ್ಲ, ಸೆರಗಿನ ಚುಂಗನ್ನು ಕಚ್ಚಿಕೊಂಡಳು. ಚಹಾ ಒಳಗೆ ಕುದಿದು ಕುದಿದು ಬತ್ತಿತು, ಅದನ್ನು ಇಳಿಸಲು ಕೂಡ ಯಾರೂ ಏಳಲಿಲ್ಲ.

ರೂತಮ್ಮ ಹೇಳಿ ಮುಗಿಸಿ ಮುಖ ಒರೆಸಿಕೊಂಡಳು. ಅಕ್ಕ ಅವಳ ತಲೆ ಸವರಿ, ಹಿಂದಕ್ಕೆ ಸರಿದು ತನ್ನ ಜಾಗಕ್ಕೆ ಬಂದಳು. ಭಾವ ಪಾಪ, ಆರಿಸುವ ಚಿಂತೆಯಲ್ಲಿ ಮಾತಾಡಿದವರು ಯಾರೆಂದೂ ಗಮನಿಸದೆ, ಇಷ್ಟು ಹೊತ್ತು ನಡೆದ ಕೂಟದಲ್ಲಿ ರಾಶಿ ಬಿದ್ದಿರಬೇಕೆಂದು ನೆಲ ತಡಕಾಡುತ್ತಿದ್ದರು. ಗೋಣಿತಟ್ಟಿನ ಮೇಲೆ ಅಂಗೈ ಇತ್ತ ಹೋಯಿತು, ಅತ್ತ ಹೋಯಿತು. ಅಂಚಿನ ಕೆಳಗೂ ನೋಡಿದರು. ಏನೂ ಇಲ್ಲ. ಮುಖ ಬೆವರಿತು. ಕೈ ಇನ್ನೂ ಮುಂದೆ ಹೋದಾಗ ಮತ್ತೊಂದು ಕೈ ಅದನ್ನು ಹಿಡಿಯಿತು.

"ಲೀದಿಯವ್ವಾ," ಅಂತ ಭಾವ ಪಿಸುಗುಟ್ಟಿದರು, "ಎಲ್ಲಾ ಆರಿಸಿದ್ಯಾ?"

"ಹ್ಞೂಂ," ಅಂದಳು ನಮ್ಮಕ್ಕ.

ಭಾವನ ಹೆಬ್ಬೆರಳು ಆ ಕೈಯ ಉಂಗುರದ ಮೇಲೆ ನಿಂತಿತು. ತಮ್ಮ ಮದುವೆಯ ಉಂಗುರ ಅವರಿಗೆ ಕಣ್ಣಿಲ್ಲದೆಯೂ ಗೊತ್ತಿತ್ತು. ಭಟ್ಟಿ ಖೋಲಿಯ ಆ ಮಧ್ಯಾಹ್ನ, ಎದುರಿನ ಮಣೆ, ಆ ಹ್ಞೂಂ, ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋಯಿತು. ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರ ಕಡೆ ಪೂರ್ತಿ ತಿರುಗಿ ಕೂತು, ಅವರು ಹೇಳುವ ತನಕ ಕಾದಳು.

ಮಾರನೆಯ ದಿನ ಅಕ್ಕ ಭಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮುಂದಿನ ವಾರ ಆ ಚೀಲಗಳೆಲ್ಲ ಖಾಲಿಯಾದವು, ಬೇಕರಿಗೆ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಒಂದು ಗಾಡಿ ಕಟ್ಟಿಗೆ ತರಿಸಬೇಕಾಯಿತು.